ಚಕ್ರ ನಿಲ್ಲಿಸದ ನಾನೂರು ಮೀಟರ್

ಮೂರನೆಯ ದಿನವೂ ಆ ಮನುಷ್ಯ ಕೈ ಎತ್ತಿದ. ಮೂರನೆಯ ದಿನವೂ ಭಾನುಮತಿ ಆಕ್ಸಿಲರೇಟರ್ ಒತ್ತಿದಳು.

ಜನವರಿಯ ಬೆಳಗಿನ ಎಂಟು ಗಂಟೆಗೆ ಅಲ್ಲಿ ಬೆಳಕು ಪೂರ್ತಿ ಬಿಟ್ಟಿರುವುದಿಲ್ಲ. ರಸ್ತೆಯ ಮೇಲೆ ಮಂಜು ಮಲಗಿರುತ್ತದೆ. ಆ ಮಂಜಿನೊಳಗಿಂದ ಮೊದಲು ಯುದ್ಧಸ್ಮಾರಕದ ಕಲ್ಲಿನ ಸೈನಿಕ ಕಾಣುತ್ತಾನೆ. ತಲೆ ತಗ್ಗಿಸಿ, ಬಂದೂಕನ್ನು ತಲೆಕೆಳಗಾಗಿ ನೆಲಕ್ಕೂರಿ ನಿಂತವನು. ಅವನ ಪಕ್ಕದಲ್ಲಿ ಈ ಹಳದಿ ಜಾಕೆಟ್ಟಿನವನು. ಹಳದಿ ಜಾಕೆಟ್ ಎಂದರೆ ಪೊಲೀಸು, ಇಲ್ಲವೇ ಇಮಿಗ್ರೇಷನ್ ಎಂದು ಅವಳ ಎದೆ ತೀರ್ಮಾನ ಮಾಡಿಬಿಟ್ಟಿತ್ತು.

ಭಯಕ್ಕೆ ಕಾರಣವಿತ್ತು. ಐರ್ಲೆಂಡಿನ ಮೊನಹನ್ ಕೌಂಟಿಯ ಒಂದು ಚೂರು ನೆಲ ಚೀಲದ ಹಾಗೆ ಉಬ್ಬಿಕೊಂಡು ಉತ್ತರ ಐರ್ಲೆಂಡಿನ ಹೊಟ್ಟೆಯೊಳಗೆ ಹೊಕ್ಕಿದೆ. ಕ್ಲೋನಶೀ ಎಂದು ಅದರ ಹೆಸರು. ಹದಿನಾಲ್ಕು ಮನೆ, ಒಂದು ಚರ್ಚು, ಬ್ರಿಟಿಷರ ವಿರುದ್ಧ ಹೋರಾಡಿ ಸತ್ತವರಿಗೆಂದು ನಿಲ್ಲಿಸಿದ ಒಂದು ಕಲ್ಲಿನ ಶಿಲುಬೆ. ಆ ಚೀಲದ ಬಾಯಿಯಲ್ಲಿ ಜವುಗು, ರಸ್ತೆಯಿಲ್ಲ. ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಇರುವ ಒಂದೇ ರಸ್ತೆ ನಾನೂರು ಮೀಟರ್ ದೂರ ಉತ್ತರದ ನೆಲದ ಮೇಲೆ, ಎಂದರೆ ಬ್ರಿಟನ್ನಿನ ನೆಲದ ಮೇಲೆ ಹಾದು ಮತ್ತೆ ಐರ್ಲೆಂಡಿಗೆ ಸೇರುತ್ತದೆ. ಗೇಟಿಲ್ಲ, ಬೋರ್ಡಿಲ್ಲ, ಡಾಂಬರಿನ ಬಣ್ಣ ಮಾತ್ರ ಬದಲಾಗುತ್ತದೆ. ಊರಿನವರು ಅದನ್ನು ಗಮನಿಸುವುದೂ ಇಲ್ಲ. ಆದರೆ ಭಾರತದ ಪಾಸ್‌ಪೋರ್ಟ್ ಹಿಡಿದವಳಿಗೆ ಆ ನಾನೂರು ಮೀಟರಿಗೂ ಬೇರೆ ವೀಸಾ ಬೇಕು.

ಭಾನುಮತಿ ಮನೆ ನೋಡದೆ ಬಾಡಿಗೆಗೆ ಹಿಡಿದಿದ್ದಳು. ಕೋವಿಡ್ ವಾರ್ಡಿನ ಡಾಕ್ಟರಿಗೆ ಮನೆ ಕೊಡಲು ಎಲ್ಲರೂ ಹಿಂಜರಿಯುತ್ತಿದ್ದ ಡಿಸೆಂಬರ್ ಅದು. ಮಿಸೆಸ್ ರೋಸ್ ಮೆಕಾರ್ಡಲ್ ಎಂಬ ಎಂಬತ್ತನಾಲ್ಕರ ಮುದುಕಿಯೊಬ್ಬಳು ಫೋನಿನಲ್ಲೇ ಒಪ್ಪಿದಳು. ಆನ್‌ಲೈನ್ ಸಹಿ ಹಾಕಿ, ಸೂಟ್‌ಕೇಸು ತುಂಬಿ, ಮ್ಯಾಪು ಹೇಳಿದ ಕಡೆ ತಿರುಗಿದರೆ, ‘ಯುನೈಟೆಡ್ ಕಿಂಗ್‌ಡಮ್ಮಿಗೆ ಸ್ವಾಗತ’ ಎಂದು ಫೋನು ಟಣ್ಣೆಂದಿತು. ಒಂದು ನಿಮಿಷ ಬಿಟ್ಟು ‘ಐರ್ಲೆಂಡಿಗೆ ಸ್ವಾಗತ’. ಆಮೇಲೆ ಆ ಮನೆಯಲ್ಲಿ ಅಡುಗೆಮನೆಯಿಂದ ಮಲಗುವ ಕೋಣೆಗೆ ನಡೆದರೂ ಒಮ್ಮೊಮ್ಮೆ ಫೋನು ಸ್ವಾಗತಿಸುತ್ತಿತ್ತು. ಸುತ್ತ ಒಂದು ನರಪಿಳ್ಳೆಯೂ ಇಲ್ಲದ ಲಾಕ್‌ಡೌನಿನ ಮೌನದಲ್ಲಿ, ಯಾರೋ ಬಾಗಿಲಲ್ಲಿ ನಿಂತು ಬಾ ಬಾ ಎಂದಂತೆ.

ಅವಳ ಪೌರತ್ವದ ಅರ್ಜಿ ಆಗ ಐರ್ಲೆಂಡ್ ಸರ್ಕಾರದ ಮೇಜಿನ ಮೇಲಿತ್ತು. ಒಂಬತ್ತು ವರ್ಷ ಒಂದು ಕಪ್ಪು ಚುಕ್ಕೆ ಬೀಳದಂತೆ ಬದುಕಿ ಹಾಕಿದ ಅರ್ಜಿ. ಅದು ಬಂದರೆ, ಮಗಳು ಬೆಳೆದ ದೇಶದಲ್ಲಿ ಯಾರ ಸಹಿಗೂ ಕಾಯದೆ ಉಳಿಯಬಹುದು. ವೀಸಾ ಇಲ್ಲದೆ ಗಡಿ ದಾಟಿದಳೆಂದು ಯಾರಾದರೂ ಬರೆದರೆ ಉಳಿಯುವುದು ಅನುಮಾನ. ಆದ್ದರಿಂದ ತನಗಾಗಿ ತಾನೇ ಒಂದು ಕಾನೂನು ಮಾಡಿಕೊಂಡಳು. ಆ ನಾನೂರು ಮೀಟರಿನಲ್ಲಿ ಕಾರು ನಿಲ್ಲಿಸಕೂಡದು. ಗಾಜು ಇಳಿಸಕೂಡದು. ಕಾಲು ನೆಲಕ್ಕೆ ತಾಗಕೂಡದು.

ನಾಲ್ಕನೆಯ ಬೆಳಿಗ್ಗೆ ಹಳದಿ ಜಾಕೆಟ್ಟು ಕೈ ಎತ್ತಲಿಲ್ಲ. ಕಲ್ಲಿನ ಸೈನಿಕನ ಪಾದದ ಬಳಿ ಒಂದು ಕರಿಹಲಗೆ ಒರಗಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ, ಅಚ್ಚಿಗೆ ಹೊಯ್ದಂಥ ದುಂಡು ಕನ್ನಡ ಅಕ್ಷರಗಳು.

‘ನಿಮ್ಮ ಕಾರಿನ ಹಿಂದಿನ ದೀಪಗಳು ಉರಿಯುತ್ತಿಲ್ಲ.’

ಆ ಮಂಜಿನಲ್ಲಿ, ಆ ದೇಶದಲ್ಲಿ, ನೂರು ವರ್ಷದ ಹಿಂದೆ ಸತ್ತವನ ಕಾಲಡಿ ಕನ್ನಡ. ಆಸ್ಪತ್ರೆ ಮುಟ್ಟಿದವಳೇ ತನ್ನ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿಕೊಂಡಳು. ತೊಂಬತ್ತೆಂಟು. ಮೆದುಳಿಗೆ ಗಾಳಿ ಕಮ್ಮಿಯಾಗಿ ಕಂಡದ್ದಲ್ಲ. ಪಾರ್ಕಿಂಗಿಗೆ ಹೋಗಿ ನೋಡಿದರೆ ದೀಪಗಳು ನಿಜವಾಗಿಯೂ ಸತ್ತಿದ್ದವು. ಹಿಂದಿನ ಗಾಜಿನ ಮೇಲೆ, ತಾನೇ ಮರೆತಿದ್ದ ‘ಶ್ರೀ ಬನಶಂಕರಿ ಪ್ರಸನ್ನ’ ಸ್ಟಿಕ್ಕರು.

ದೀಪ ಹಾಕಿಸಿದ ಮರುದಿನ ಹಲಗೆ ಕೇಳಿತು: ‘ಈಗ ಸರಿ ಇದೆ. ಯಾವೂರು?’

ನಿಲ್ಲಿಸುವಂತಿಲ್ಲ. ಉತ್ತರ ಕೊಡದೆ ಹೋಗುವುದು ಹೇಗೆ? ಎರಡನೆಯ ನಿಯಮ ಅಂದು ಮುರಿಯಿತು. ಗಾಜು ನಾಲ್ಕು ಬೆರಳು ಇಳಿಸಿ, ದಾವಣಗೆರೆ ಎಂದು ಕೂಗಿ ಹೊರಟೇಹೋದಳು. ಕನ್ನಡಿಯಲ್ಲಿ ಹಳದಿ ಜಾಕೆಟ್ಟು ಸೊಂಟದ ಮೇಲೆ ಕೈಯಿಟ್ಟು ನಗುತ್ತಿತ್ತು.

‘ನಾನು ಶಿವಾರಪಟ್ಟಣ, ಕಲ್ಲು ಕೆತ್ತೋರು. ದಾವಣಗೆರೆ ಬೆಣ್ಣೆ ಇಷ್ಟು ಬೇಗ ಜಾರುತ್ತೆ ಅಂತ ಗೊತ್ತಿರಲಿಲ್ಲ.’ ಇದು ಮರುದಿನದ ಹಲಗೆ.

ಆ ದಿನ ವಾರ್ಡಿನಲ್ಲಿ ಮಾಸ್ಕು, ಅದರ ಮೇಲೊಂದು ಗಾಜಿನ ಮುಖವಾಡ ಹಾಕಿಕೊಂಡು ಅವಳು ಎರಡು ಸಲ ಒಬ್ಬಳೇ ನಕ್ಕಳು. ಯಾರಿಗೂ ಕಾಣಲಿಲ್ಲ.

ಹೀಗೆ ಶುರುವಾಯಿತು. ಅವನ ಹೆಸರು ಹೇಮಚಂದ್ರ, ಐವತ್ತೊಂದು ವರ್ಷ. ವಿಗ್ರಹ ಕೆತ್ತುವ ಮನೆತನದಲ್ಲಿ ಹುಟ್ಟಿ, ಹಳೆಯ ಕಲ್ಲು ಉಳಿಸುವ ವಿದ್ಯೆಗೆಂದು ಇಂಗ್ಲೆಂಡಿಗೆ ಬಂದು, ಬೆಲ್‌ಫಾಸ್ಟಿನಲ್ಲಿ ನಿಂತವನು. ಯುದ್ಧಸ್ಮಾರಕಗಳ ಮೇಲೆ ಸವೆದ ಹೆಸರುಗಳನ್ನು ಮತ್ತೆ ಕೊರೆಯುವುದು ಕೆಲಸ. ಲಾಡ್ಜುಗಳೆಲ್ಲ ಮುಚ್ಚಿದ್ದರಿಂದ ಸ್ಮಾರಕದ ಪಕ್ಕದಲ್ಲೇ ಕ್ಯಾರವಾನ್ ಹಾಕಿಕೊಂಡಿದ್ದ.

ಒಂದು ಬೆಳಿಗ್ಗೆ ಅವಳು ಕಾರನ್ನು ಮನುಷ್ಯ ನಡೆಯುವ ವೇಗಕ್ಕೆ ಇಳಿಸಿದಳು. ಅವನು ಎರಡು ಮೀಟರ್ ದೂರ ಬಿಟ್ಟು ಪಕ್ಕದಲ್ಲಿ ನಡೆಯತೊಡಗಿದ. ಏಕೆ ನಿಲ್ಲಿಸುವುದಿಲ್ಲವೆಂದು ಕೇಳಿದ. ಅವಳು ತನ್ನ ಕಾನೂನು ಹೇಳಿದಳು.

“ನಿಂತರೆ ಬಂದ ಹಾಗೆ. ಹೋಗ್ತಾ ಇದ್ದರೆ ಬರೀ ಹಾದುಹೋದ ಹಾಗೆ.”

“ಯಾರು ಮಾಡಿದ ರೂಲು ಇದು?”

“ನಾನೇ.”

ಅವನು ಯೋಚಿಸಿ ತಲೆಯಾಡಿಸಿದ. “ಹಂಗಾದ್ರೆ ಗಟ್ಟಿ ಐತೆ ಬಿಡಿ. ಸರ್ಕಾರದ್ದಾಗಿದ್ರೆ ಸಂದು ಇರ್ತಿತ್ತು.”

ನಾನೂರು ಮೀಟರ್ ನಡೆಯಲು ಐದು ನಿಮಿಷ. ಬೆಳಿಗ್ಗೆ ಐದು, ಸಂಜೆ ಐದು. ಡಾಂಬರಿನ ಬಣ್ಣ ಬದಲಾಗುವ ಕಡೆ ಅವನು ನಿಲ್ಲುತ್ತಿದ್ದ. ಆ ಕಡೆಯಿಂದ ಸುಮ್ಮನೆ ದಾಟಿ ಬಂದವರಿಗೆ ಈ ಕಡೆಯ ಗಾರ್ಡಾ ಪೊಲೀಸರು ದಂಡ ಹಾಕುತ್ತಿದ್ದ ಕಾಲ. ಅವಳು ಹೋಗುತ್ತಿದ್ದಳು, ಅವನು ನಿಂತಿರುತ್ತಿದ್ದ.

ಐದು ನಿಮಿಷದಲ್ಲಿ ಎಷ್ಟು ಮಾತು ಹಿಡಿಯುತ್ತದೆ ಎಂದು ಅವಳಿಗೆ ಆಗ ಗೊತ್ತಾಯಿತು. ಅವನ ಹುಬ್ಬಿನಲ್ಲಿ ಯಾವಾಗಲೂ ಬಿಳಿ ಕಲ್ಲುಪುಡಿ. ಮಾಸ್ಕಿನ ಮೇಲಿನ ಕಣ್ಣು ಅವಳನ್ನು ನೇರವಾಗಿ ನೋಡುತ್ತಿರಲಿಲ್ಲ; ರಸ್ತೆ, ಬೇಲಿ, ಚಕ್ರ ಎಲ್ಲ ಸುತ್ತಿ, ಕೊನೆಯ ಹತ್ತು ಹೆಜ್ಜೆಯಲ್ಲಿ ಮಾತ್ರ ಒಮ್ಮೆ ಬಂದು ತಂಗುತ್ತಿತ್ತು. ಆ ಹತ್ತು ಹೆಜ್ಜೆಗಾಗಿ ಅವಳು ಕಾರನ್ನು ಇನ್ನೂ ನಿಧಾನ ಮಾಡುತ್ತಿದ್ದಳು. ಇಂಜಿನ್ ಗೊರಗೊರ ಎಂದು ಪ್ರತಿಭಟಿಸುತ್ತಿತ್ತು.

ಮಗಳು ಪ್ರೇರಣಾ ಡಬ್ಲಿನ್ನಿನ ಸ್ಯಾಂಟ್ರಿಯ ಅಪಾರ್ಟ್‌ಮೆಂಟಿನಿಂದ ವಿಡಿಯೋ ಕಾಲ್ ಮಾಡಿದಾಗ ಕಣ್ಣು ಕಿರಿದು ಮಾಡಿದಳು. “ಅಮ್ಮಾ, ಆರ್ ಯು ವೇರಿಂಗ್ ಕಾಜಲ್? ಟು ದ ಕೋವಿಡ್ ವಾರ್ಡ್, ಲೈಕ್?”

ಭಾನುಮತಿ ಕ್ಯಾಮೆರಾ ಸರಿಯಿಲ್ಲವೆಂದಳು.

ಅವಳೊಳಗೆ ಏನೋ ಸಡಿಲವಾಗುತ್ತಿತ್ತು, ಅದು ಅವಳಿಗೆ ಹೆದರಿಕೆ ಹುಟ್ಟಿಸುತ್ತಿತ್ತು. ಹನ್ನೊಂದು ವರ್ಷದ ಸಂಸಾರದಲ್ಲಿ, ಹೊರಗೆ ಹೋದ ಪ್ರತಿ ಸಲವೂ ಎಲ್ಲಿ ನಿಂತೆ, ಯಾಕೆ ನಿಂತೆ ಎಂದು ಗಂಡನಿಗೆ ಉತ್ತರ ಕೊಟ್ಟವಳು ಅವಳು. ಆ ಮದುವೆಯಿಂದ ಹೊರಗೆ ಬಂದರೂ ಅಭ್ಯಾಸ ಬಿಟ್ಟಿರಲಿಲ್ಲ. ಅಂಗಡಿ, ಆಸ್ಪತ್ರೆ, ಮನೆ. ನಡುವೆ ಎಲ್ಲೂ ನಿಲ್ಲದ ಹೆಂಗಸಾಗಿ ನಲವತ್ತಾರು ಮುಟ್ಟಿದ್ದಳು. ಕಾರಣ ಕೇಳುವವರು ಈಗ ಯಾರೂ ಇರಲಿಲ್ಲ. ಆದರೂ ಕೇಳಿದರೆ ಹೇಳಲು ಒಂದು ಕಾರಣ ಸದಾ ಸಿದ್ಧವಿರುತ್ತಿತ್ತು.

ಫೆಬ್ರವರಿಯ ನಡುವೆ ಒಂದು ದಿನ ಅವಳು ತುಸು ಬೈಯುವ ದನಿಯಲ್ಲೇ ಕೇಳಿದಳು.

“ನಿಮ್ಮ ಜೊತೆ ಕೆಲಸ ಮಾಡೋರಿಗೆ ಒಂದು ಮಾಸ್ಕ್ ಕೊಡಬಾರದಾ? ದಿನಾ ನೋಡ್ತೀನಿ, ಹಾಗೇ ನಿಂತಿರ್ತಾರೆ.”

ಹೇಮಚಂದ್ರ ಒಮ್ಮೆ ಹಿಂದಿರುಗಿ ಸ್ಮಾರಕದ ಕಡೆ ನೋಡಿದ.

“ನನ್ ಜೊತೆ ಯಾರೂ ಇಲ್ಲ ಡಾಕ್ಟ್ರೇ.”

“ಕಂದು ಕೋಟು. ಸೈನಿಕನ ಆ ಬದಿಗೆ.”

“ಯಾರೂ ಇಲ್ಲ,” ಎಂದ ಮತ್ತೆ, ಮೆತ್ತಗೆ.

ಅವಳು ಕನ್ನಡಿಯಲ್ಲಿ ನೋಡಿದಳು. ಮಂಜಿನಲ್ಲಿ ಕಲ್ಲಿನ ಸೈನಿಕ ತಲೆ ತಗ್ಗಿಸಿ ನಿಂತಿದ್ದ. ಅವನ ಆಚೆ ಇನ್ನೊಬ್ಬ, ತಲೆ ಎತ್ತಿಕೊಂಡು.

ಆ ಸಂಜೆ ಹೇಮಚಂದ್ರ ತಾನು ಯಾರಿಗೂ ಹೇಳದಿದ್ದ ವಿಷಯ ಹೇಳಿದ. ಸ್ಮಾರಕದ ಪಟ್ಟಿಯಲ್ಲಿ ಹದಿನೆಂಟು ಹೆಸರು. ಆದರೆ ಸವೆದ ಅಕ್ಷರ ಓದಲು ಕಲ್ಲಿಗೆ ನೀರು ಹಚ್ಚಿ ಪಕ್ಕದಿಂದ ಟಾರ್ಚ್ ಹಿಡಿದರೆ, ಹದಿನೆಂಟರ ಕೆಳಗೆ ಹತ್ತೊಂಬತ್ತನೆಯದೊಂದು ಏಳುತ್ತದೆ. ನೀರು ಆರಿದ ಹಾಗೆ ಮುಳುಗುತ್ತದೆ. ಸವೆದದ್ದಲ್ಲ, ಯಾರೋ ಉಳಿಯಿಂದ ಕೆತ್ತಿ ತೆಗೆದದ್ದು. ಈವರೆಗೆ ಅವನಿಗೆ ಸಿಕ್ಕ ಅಕ್ಷರಗಳನ್ನು ಹೇಳಿದ. ಭಾನುಮತಿ ಅವನ್ನು ಒಂದೊಂದಾಗಿ ಜೋಡಿಸಿದಳು. ಅವು ಕೂಡಿದರೆ ಅವಳ ಮನೆಯೊಡತಿಯ ಮನೆತನದ ಹೆಸರಾಗುತ್ತಿತ್ತು.

ರೋಸ್ ಮೆಕಾರ್ಡಲ್ ತನ್ನ ಮನೆಯ ಕಿಟಕಿಯ ಒಳಗೆ ಕೂತು, ಭಾನುಮತಿ ಅಂಗಳದಲ್ಲಿ ನಿಂತು, ಮರುದಿನ ಆ ಮಾತಾಯಿತು. ಮುದುಕಿಗೆ ಆಶ್ಚರ್ಯವೇ ಆಗಲಿಲ್ಲ. ಆ ಕಂದು ಕೋಟಿನವನು ಫೆಲಿಕ್ಸ್, ತನ್ನ ಅಜ್ಜನ ತಮ್ಮ ಎಂದಳು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ದೊರೆಯ ಸೈನ್ಯಕ್ಕೆ ಸೇರಿ ಫ್ರಾನ್ಸಿನಲ್ಲಿ ಸತ್ತ. ಆಮೇಲೆ ಗಡಿ ಬಿತ್ತು. ಮನೆ ಈ ಕಡೆ ಉಳಿಯಿತು, ಕಲ್ಲು ಆ ಕಡೆ ಹೋಯಿತು. ಕ್ಲೋನಶೀಯಲ್ಲಿ ಬದುಕಬೇಕಾದವರ ಹೆಸರು ದೊರೆಯ ಕಲ್ಲಿನ ಮೇಲಿರುವುದು ಅಜ್ಜನಿಗೆ ಬೇಡವಾಯಿತು. ತಾನೇ ಉಳಿ ಹಿಡಿದು ಹೋದ. ಈ ಕಡೆಯ ಶಿಲುಬೆಯ ಮೇಲೆ ಹಾಕೋಣವೆಂದರೆ ಅವನು ಅವರ ಪರ ಹೋರಾಡಿದವನಲ್ಲ. ಹಾಗಾಗಿ ಅವನಿಗೆ ಎರಡೂ ಕಡೆ ಜಾಗವಿಲ್ಲ.

“ರಸ್ತೆಯಲ್ಲಿ ಇರ್ತಾನೆ. ಹೀ ಈಸ್ ಗ್ರ್ಯಾಂಡ್, ಯಾರಿಗೂ ಏನೂ ಮಾಡಲ್ಲ,” ಎನ್ನುವ ಅರ್ಥದಲ್ಲಿ ಹೇಳಿ ಟೀ ಹೀರಿದಳು ಮುದುಕಿ. ಆ ಹೆಸರನ್ನು ಮತ್ತೆ ಕೊರೆಯಲು ಕುಟುಂಬದ ಒಪ್ಪಿಗೆ ಬೇಕಂತೆ ಎಂದಾಗ ಮಾತ್ರ ಮುಖ ತಿರುಗಿಸಿದಳು. ಅಜ್ಜ ಅಳಿಸಿದ್ದನ್ನು ತಾನು ಬರೆಸುವುದಿಲ್ಲ.

ಮಾರ್ಚಿ ಬಂತು. ವಾರ್ಡಿನಲ್ಲಿ ಸಾಯುವವರಿಗೆ ಮನೆಯವರ ಮುಖ ತೋರಿಸಲು ಟ್ಯಾಬ್ಲೆಟ್ ಹಿಡಿದು ನಿಲ್ಲುವುದೇ ಅವಳ ಕೆಲಸವಾಗಿತ್ತು. ಬೀಳ್ಕೊಡುವ ಮಾತನ್ನು ಅಷ್ಟೊಂದು ಕೇಳಿದ ಮೇಲೆ, ಸಂಜೆಯ ಐದು ನಿಮಿಷ ಅವಳು ಬರೀ ಅವನ ಬೂಟಿನ ಸದ್ದು ಕೇಳುತ್ತಾ ಕಾರು ಉರುಳಿಸುತ್ತಿದ್ದಳು. ಅವನಿಗೆ ಅದು ಅರ್ಥವಾಗುತ್ತಿತ್ತು. ಸುಮ್ಮನೆ ನಡೆಯುತ್ತಿದ್ದ.

ಒಂದು ಸಂಜೆ ಅವನೇ ಬಾಯಿ ತೆರೆದ. ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ; ಮುಂದಿನದು ಸ್ಕಾಟ್‌ಲೆಂಡಿನ ಉತ್ತರದ ತುದಿಯ ಒಂದು ದ್ವೀಪದಲ್ಲಿ.

“ಹೋಗೋದ್ರೊಳಗೆ ಒಂದ್ಸಲ ನಿಲ್ಲಿಸ್ತೀರಾ? ಒಂದು ಟೀ ಅಷ್ಟೇ. ನೀವು ಆ ಕಲ್ಲಿನ ಮೇಲೆ, ನಾನು ಈ ಕಲ್ಲಿನ ಮೇಲೆ. ಎರಡು ಮೀಟರು ಟೇಪ್ ಹಿಡಿದು ಅಳೀತೀನಿ.”

ಅವಳು ಸ್ಟಿಯರಿಂಗನ್ನೇ ನೋಡಿದಳು. ಅರ್ಜಿಯ ವಿಷಯ ಅಂದೇ ಮೊದಲ ಸಲ ಪೂರ್ತಿ ಹೇಳಿದಳು. ಒಂಬತ್ತು ವರ್ಷ, ಮಗಳು, ಒಂದು ಚುಕ್ಕೆ. ತನಗೆ ಸಾಧ್ಯವಿಲ್ಲವೆಂದಳು.

“ಸರಿ,” ಎಂದ ಅವನು. ಕೊನೆಯ ಹತ್ತು ಹೆಜ್ಜೆಯಲ್ಲಿ ಅಂದು ಅವನ ಕಣ್ಣು ಅವಳ ಮೇಲೆ ಬರಲಿಲ್ಲ. ಮರುದಿನ ಬಂತು, ಮೊದಲಿನಷ್ಟೇ ಬೆಚ್ಚಗೆ. ಆದರೆ ಟೀಯ ಮಾತು ಅವನು ಮತ್ತೆಂದೂ ಎತ್ತಲಿಲ್ಲ. ಎತ್ತಲಿ ಎಂದು ಅವಳು ದಿನವೂ ಕಾದಳು, ಎತ್ತದಿದ್ದಾಗ ನಿಟ್ಟುಸಿರಿಟ್ಟಳು, ಎರಡಕ್ಕೂ ತನ್ನನ್ನೇ ಬೈದುಕೊಂಡಳು.

ಮಾರ್ಚಿ ಇಪ್ಪತ್ತಾರರ ಸಂಜೆ, ಹೊತ್ತು ಮುಳುಗುವ ವೇಳೆ, ಚಳಿ ಮತ್ತೆ ಮರಳಿ ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಹೆಪ್ಪುಗಟ್ಟುತ್ತಿತ್ತು. ಭಾನುಮತಿ ತಿರುವು ದಾಟಿ ಕಾರು ನಿಧಾನಿಸಿದಳು. ಕರಿಹಲಗೆ ಖಾಲಿಯಿತ್ತು. ಹಳದಿ ಜಾಕೆಟ್ಟು ಇರಲಿಲ್ಲ. ಕ್ಯಾರವಾನಿನ ಕಿಟಕಿ ಕತ್ತಲು. ಬೇಲಿಯ ಹಕ್ಕಿಗಳೂ ಸುಮ್ಮನಾಗಿದ್ದವು.

ಕಂದು ಕೋಟಿನವನು ಮಾತ್ರ ಇದ್ದ.

ಇಷ್ಟು ದಿನ ಅವನು ರಸ್ತೆ ನೋಡುತ್ತಿದ್ದ. ಇಂದು ಪೀಠದ ಹಿಂದೆ ನಿಂತು, ಪಕ್ಕದ ಕಲ್ಲಿನ ಸೈನಿಕನಂತೆಯೇ ತಲೆ ಬಗ್ಗಿಸಿ, ನೆಲ ನೋಡುತ್ತಿದ್ದ.

ಅವಳು ಏನನ್ನೂ ಯೋಚಿಸಲಿಲ್ಲ. ಕಾಲು ಬ್ರೇಕಿನ ಮೇಲೆ ಹೋಯಿತು. ಚಕ್ರ ನಿಂತಿತು. ಫೋನು ಟಣ್ಣೆಂದು ಸ್ವಾಗತ ಹೇಳಿತು. ಬಾಗಿಲು ತೆರೆದು, ಕಾಲು ನೆಲಕ್ಕೂರಿ, ತನ್ನ ಬಾಯಿಂದ ಎಂದೂ ಹೊರಡದ ಹೆಸರನ್ನು ಅವಳು ಮಂಜಿನೊಳಗೆ ಕರೆದಳು. ಹೇಮಚಂದ್ರ. ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ. ನಡೆಯುತ್ತಿದ್ದವಳು ಓಡತೊಡಗಿದಳು.

ಅವನು ಪೀಠದ ಹಿಂದೆ ಬಿದ್ದಿದ್ದ. ತಲೆ ಕಲ್ಲಿನ ಅಂಚಿಗೆ ಬಡಿದು ರಕ್ತ ಹೆಪ್ಪುಗಟ್ಟಿತ್ತು, ಒಂದು ಪಾದ ತಪ್ಪಾದ ದಿಕ್ಕಿಗೆ ತಿರುಗಿತ್ತು, ಮೈ ಮಂಜುಗಡ್ಡೆ. ಟಾರ್ಚು ಉರಿಯುತ್ತಲೇ ಇತ್ತು. ಅವಳ ಕೈಗಳಿಗೆ ಕೆಲಸ ಗೊತ್ತಿತ್ತು. ನಾಡಿ ಹಿಡಿದವು, ಕತ್ತು ಆನಿಸಿದವು, ಆಂಬ್ಯುಲೆನ್ಸಿಗೆ ಫೋನು ಮಾಡಿದವು, ತನ್ನ ಕೋಟು ತೆಗೆದು ಅವನಿಗೆ ಹೊದಿಸಿದವು. ಎರಡು ಮೀಟರಿನ ಮಾತು ನೆನಪಿಗೂ ಬರಲಿಲ್ಲ. ಅವನ ತಣ್ಣನೆಯ ಅಂಗೈಯನ್ನು ತನ್ನ ಕುತ್ತಿಗೆಗೆ ಒತ್ತಿಕೊಂಡು ಕೂತಳು.

ಆಗ ಸುತ್ತ ನೋಡಿದಳು. ಬಿಳಿ ಹುಲ್ಲಿನ ಮೇಲೆ ಅವಳು ಓಡಿ ಬಂದ ಹೆಜ್ಜೆಗಳಿದ್ದವು. ಬೇರೆ ಯಾರೂ ಅಲ್ಲಿ ನಿಂತ ಗುರುತಿರಲಿಲ್ಲ.

ಅವನು ಕಣ್ಣು ಬಿಟ್ಟ. ಬಹಳ ಹೊತ್ತು ಅವಳ ಮುಖವನ್ನೇ ನೋಡಿದ.

“ಕಾರು ನಿಂತೈತಾ?” ಎಂದ.

“ಮಾತಾಡಬೇಡಿ.”

ಆಂಬ್ಯುಲೆನ್ಸಿನ ಹಿಂದೆಯೇ ಉತ್ತರದ ಪೊಲೀಸ್ ಕಾರು ಬಂತು. ಒಬ್ಬ ಹೆಂಗಸು ಕಾನ್‌ಸ್ಟೇಬಲ್ ಹೆಸರು, ವಿಳಾಸ, ಯಾವ ದೇಶದವರು ಎಂದೆಲ್ಲ ಕೇಳಿದಳು. ಭಾನುಮತಿ ನಿಜವನ್ನೇ ಹೇಳಿದಳು. ಕಾನ್‌ಸ್ಟೇಬಲ್ ಬರೆದುಕೊಂಡಳು. ಒಳ್ಳೆಯದು ಎನ್ನಲಿಲ್ಲ, ಕೆಟ್ಟದು ಎನ್ನಲಿಲ್ಲ. ಪುಸ್ತಕ ಮುಚ್ಚಿ ಜೇಬಿಗಿಟ್ಟಳು.

ಅವನನ್ನು ಉತ್ತರದ ಆಸ್ಪತ್ರೆಗೆ ಒಯ್ದರು. ನೋಡಲು ಹೋಗುವಂತಿರಲಿಲ್ಲ, ರೋಗಿಗಳ ಬಳಿ ಯಾರನ್ನೂ ಬಿಡುತ್ತಿರಲಿಲ್ಲ. ದಿನವೂ ಫೋನಿನಲ್ಲಿ ಮಾತಾಡಿದರು, ಐದು ನಿಮಿಷವಲ್ಲ, ಗಂಟೆಗಟ್ಟಲೆ. ಆ ಸಂಜೆ ನೀರು ಹಚ್ಚಿದಾಗ ಫೆಲಿಕ್ಸನ ಹೆಸರು ನಿನ್ನೆ ಕೊರೆದಷ್ಟು ಸ್ಪಷ್ಟವಾಗಿ ಎದ್ದಿತಂತೆ. ಪೀಠದ ಮೆಟ್ಟಿಲ ಮೇಲೆ ನಿಂತಿದ್ದವನು ಪೂರ್ತಿ ಓದಲು ಒಂದು ಹೆಜ್ಜೆ ಹಿಂದೆ ಇಟ್ಟಿದ್ದ. ಹಿಂದೆ ಮೆಟ್ಟಿಲು ಇರಲಿಲ್ಲ, ಅಷ್ಟೇ.

ಅವನು ಬಿದ್ದ ಸುದ್ದಿ ಕೇಳಿ ರೋಸ್ ಎರಡು ದಿನ ಕಿಟಕಿ ತೆರೆಯಲಿಲ್ಲ. ಮೂರನೆಯ ದಿನ ಕಿಟಕಿ ತೆರೆದು, ಆ ಹುಡುಗ ಫೆಲಿಕ್ಸನ ಹೆಸರನ್ನು ಅದರ ಜಾಗಕ್ಕೆ ಹಾಕಿಸು, ಅಜ್ಜನಿಗೆ ನಾನು ಹೇಳಿಕೊಳ್ಳುತ್ತೇನೆ ಎಂದಳು. ಹೇಮಚಂದ್ರ ಸ್ಕಾಟ್‌ಲೆಂಡಿನವರಿಗೆ ಬೇರೆ ಜನ ನೋಡಿಕೊಳ್ಳಲು ಬರೆದ. ಒಂದು ಹೆಸರು ಬಾಕಿ ಇದೆ, ಕಾಲು ಕೂಡಿದ ಮೇಲೆ ಕೊರೆಯಬೇಕು.

ಏಪ್ರಿಲ್ ಕೊನೆಯ ಒಂದು ಭಾನುವಾರ, ನಿರ್ಬಂಧ ಕೊಂಚ ಸಡಿಲವಾದಾಗ, ಅವನು ಊರುಗೋಲು ಹಾಕಿಕೊಂಡು ಆ ನಾನೂರು ಮೀಟರ್ ನಡೆದು, ಡಾಂಬರಿನ ಬಣ್ಣ ದಾಟಿ, ಕ್ಲೋನಶೀಯೊಳಕ್ಕೆ ಬಂದ. ಭಾನುಮತಿ ಅಂಗಳದಲ್ಲಿ ಮೇಜು ಹಾಕಿದ್ದಳು. ಮೇಜಿನ ಮೇಲೆ ಸರ್ಕಾರದ ಒಂದು ಕಾಗದ. ಅರ್ಜಿಯನ್ನು ಅಂತಿಮವಾಗಿ ನೋಡುವ ಮುಂಚೆ, ಕಳೆದ ಒಂದು ವರ್ಷದಲ್ಲಿ ದೇಶದಿಂದ ಹೊರಗಿದ್ದ ಎಲ್ಲ ಸಂದರ್ಭಗಳನ್ನು, ಕಾರಣ ಸಮೇತ ತಿಳಿಸಬೇಕೆಂದು ಕೇಳಿದ್ದರು.

ದಿನಾ ಹಾದುಹೋಗುವುದನ್ನು ಅವಳು ಬರೆದಾಗಿತ್ತು: ಮನೆಗೆ ಬೇರೆ ರಸ್ತೆ ಇಲ್ಲ. ಈಗ ಇನ್ನೊಂದು ಸಾಲು ಉಳಿದಿತ್ತು. ಮಾರ್ಚಿ ಇಪ್ಪತ್ತಾರರ ಸಂಜೆ, ಒಂದು ಗಂಟೆ ಹತ್ತು ನಿಮಿಷ ದೇಶದ ಹೊರಗೆ. ಕಾರಣದ ಜಾಗ ಖಾಲಿ.

ಅದನ್ನು ಬಿಟ್ಟುಬಿಡಿ ಎಂದು ಅವನು ಹೇಳಿ ನೋಡಿದ. ತನ್ನಿಂದಾಗಿ ಅವಳ ಒಂಬತ್ತು ವರ್ಷ ಹೋಗುವುದು ಬೇಡ. ಅವಳು ಆಗದೆಂದು ತಲೆಯಾಡಿಸಿದಳು.

“ಹಂಗಾದ್ರೆ ಮೆಡಿಕಲ್ ಎಮರ್ಜೆನ್ಸಿ ಅಂತ ಬರೀರಿ. ಡಾಕ್ಟ್ರು, ಗಾಯ ಆದೋನು. ಯಾರೂ ಕೇಳಲ್ಲ. ಸುಳ್ಳೂ ಅಲ್ವಲ್ಲ.”

ಅವಳು ಪೆನ್ನನ್ನು ಕಾಗದದ ಮೇಲೆ ಇಟ್ಟು, ಮತ್ತೆ ಎತ್ತಿದಳು.

“ಸುಳ್ಳೇ. ಕಾರು ನಿಲ್ಲಿಸಿದಾಗ ನೀವು ಬಿದ್ದಿದೀರಿ ಅಂತ ನನಗೆ ಗೊತ್ತಿರಲಿಲ್ಲ.”

ಅವನು ಊರುಗೋಲನ್ನು ಕುರ್ಚಿಗೆ ಒರಗಿಸಿದ. ರಸ್ತೆ, ಬೇಲಿ ಯಾವುದನ್ನೂ ಸುತ್ತದೆ ಅವನ ಕಣ್ಣು ನೇರವಾಗಿ ಅವಳ ಮೇಲೆ ಬಂತು. “ಮತ್ತೆ ಯಾಕೆ ನಿಲ್ಲಿಸಿದ್ರಿ?”

“ನೀವು ಕಾಣಲಿಲ್ಲ.”

ಅವಳು ಬಗ್ಗಿ, ಕಾರಣದ ಜಾಗದಲ್ಲಿ ಇಂಗ್ಲಿಷಿನಲ್ಲಿ ನಿಧಾನವಾಗಿ ಬರೆದಳು: ಒಬ್ಬರನ್ನು ಹುಡುಕಲು. ಕಾಗದವನ್ನು ಅವನ ಕಡೆ ತಿರುಗಿಸಿದಳು. ಅವನು ಓದಿದ. ಕೆತ್ತುವವನ ಒರಟು ಬೆರಳು ಆ ಸಾಲಿನ ಮೇಲೆ ಹಾಯ್ದು, ಕಾಗದದ ಅಂಚು ದಾಟಿ, ಅವಳ ಕೈಯ ಮೇಲೆ ಬಂದು ನಿಂತಿತು.

“ಸಿಕ್ಕಿದ್ರಾ ಅಂತ ಕೇಳಿ ಬರೆದ್ರೆ?”

“ಕೇಳಲಿ,” ಎಂದಳು ಭಾನುಮತಿ.